ಬಸಮ್ಮನ ಹಿಂದೆ ನಡೆದ ಓಟಗಾರ್ತಿ

2011ರ ಡಿಸೆಂಬರ್ ತಿಂಗಳ ಎರಡನೆಯ ಭಾನುವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಮಾಗಡಿ ಕಡೆಯ ಜೋಡಿಬಂಡೆ ಬೆಟ್ಟದ ಬುಡದಲ್ಲಿ ವೇಣಿ ಸುಮ್ಮನೆ ನಿಂತಿದ್ದರು. ಐವತ್ತೊಂಬತ್ತು ವರ್ಷದ ಬಸಮ್ಮ ಒಂದು ಚಪ್ಪಟೆ ಕಲ್ಲಿನ ಮೇಲೆ ಕೂತು, ಬೂಟಿನೊಳಗೆ ಸೇರಿದ್ದ ಮರಳನ್ನು ಕೊಡವಿ, ಕಾಲುಚೀಲವನ್ನು ಒಂದು ಸಲ ತಿರುಗಿಸಿ ನೋಡಿ, ಮತ್ತೆ ಹಾಕಿಕೊಳ್ಳುತ್ತಿದ್ದರು. ಅವರು ಏಳುವುದನ್ನು ವೇಣಿ ಕಾಯುತ್ತಿದ್ದರು.

ಕಾಯುವುದು ವೇಣಿಗೆ ಅಭ್ಯಾಸವಿರಲಿಲ್ಲ. ಕಾಲೇಜಿನ ದಿನಗಳಲ್ಲಿ ಅವರು ಮೂರು ಸಾವಿರ ಮೀಟರ್ ಓಟದಲ್ಲಿ ರಾಜ್ಯವನ್ನು ಪ್ರತಿನಿಧಿಸಿದ್ದರು. ಬೆಟ್ಟದ ಬುಡದಲ್ಲಿ ನಿಂತ ಆ ದಿನ ಅವರಿಗೆ ಮೂವತ್ಮೂರು ವರ್ಷ. ಕಾಲಿನ ಮೂಳೆ ಸೀಳಿ ಓಟ ನಿಂತು ಹತ್ತು ವರ್ಷಕ್ಕೂ ಮೇಲಾಗಿದ್ದರೂ ನಡಿಗೆ ಮಾತ್ರ ಓಟಗಾರ್ತಿಯದಾಗಿಯೇ ಉಳಿದಿತ್ತು. ಬಸ್ಸಿನಿಂದ ಇಳಿದು ಮನೆಗೆ ಹೋಗುವಾಗಲೂ ಜೊತೆಯವರು ಹಿಂದೆ ಬೀಳುತ್ತಿದ್ದರು. ಅಂಥವರು ಆ ದಿನ ಒಂದು ಮಾತು ಕೊಟ್ಟು ಬಂದಿದ್ದರು: ಬೆಟ್ಟ ಹತ್ತಿ ಇಳಿಯುವ ತನಕ ಬಸಮ್ಮನವರ ಹಿಂದೆಯೇ ಇರಬೇಕು, ಒಂದು ಹೆಜ್ಜೆಯೂ ಮುಂದೆ ಹೋಗಬಾರದು. ಯಾಕೆ ಕೊಟ್ಟರು ಎಂದು ತಿಳಿಯಬೇಕಾದರೆ ಅವರು ಮಾಡಿದ ಕೆಲಸಗಳನ್ನು ಮೊದಲು ಹೇಳಬೇಕು.

ವೇಣಿ ಹುಟ್ಟಿದ್ದು ಪೀಣ್ಯಕ್ಕೆ ಅಂಟಿಕೊಂಡ ಚೊಕ್ಕಸಂದ್ರದಲ್ಲಿ. ತಂದೆ ನಲ್ಲಪ್ಪ ಒಂದು ಕಾರ್ಖಾನೆಯಲ್ಲಿ ಲಾರಿಗೆ ಮಾಲು ತುಂಬುತ್ತಿದ್ದರು. ಸರ್ಕಾರಿ ಶಾಲೆಯ ದೈಹಿಕ ಶಿಕ್ಷಕ ದಾಸಪ್ಪ ಈ ಹುಡುಗಿಯ ಕಾಲನ್ನು ಗುರುತಿಸಿದರು. ಮೈದಾನವಿಲ್ಲದ ಕಾರಣ ಪೀಣ್ಯದ ಕಾರ್ಖಾನೆಗಳ ನಡುವಿನ ರಸ್ತೆಗಳಲ್ಲೇ ಓಡಿಸಿದರು. ಬೆಳಗಿನ ಪಾಳಿಯ ಜನ ಬರುವುದಕ್ಕೆ ಮುಂಚೆ ಓಟ ಮುಗಿಯಬೇಕಿತ್ತು. ತಾಯಿ ರಾಮಮ್ಮನಿಗೆ ಇದೊಂದೂ ಅರ್ಥವಾಗುತ್ತಿರಲಿಲ್ಲ. "ಇಂಗೆ ದಿನಾ ಓಡ್ತೀಯಲ್ಲ, ತಿರುಗಾ ಮನೆಗೇ ಬತ್ತೀಯಲ್ಲ! ಎಲ್ಲಿಗಾರ ಓಗೋದಾದ್ರೆ ಬಸ್ಸಿಲ್ವಾ?" ಎನ್ನುತ್ತಿದ್ದರು.

ಕಾಲು ಕೈಕೊಟ್ಟ ಮೇಲೆ ವೇಣಿ ಪೀಣ್ಯದ ಒಂದು ಸಣ್ಣ ಘಟಕದಲ್ಲಿ ತಪಾಸಣೆ ವಿಭಾಗಕ್ಕೆ ಸೇರಿದರು. ಲೇತಿನಿಂದ ಬಂದ ಬುಷ್ ಎಂಬ ಸಣ್ಣ ಲೋಹದ ಕೊಳವೆಗಳನ್ನು ಗೇಜು ಹಾಕಿ ನೋಡುವುದು, ಅಳತೆಗೆ ಕೂತದ್ದನ್ನು ಒಂದು ಕಡೆ, ಕೂರದ್ದನ್ನು ಇನ್ನೊಂದು ಕಡೆ ಇಡುವುದು, ಇಷ್ಟೇ ಕೆಲಸ. ಬರವಣಿಗೆ ಬಂದದ್ದು ಆಕಸ್ಮಿಕವಾಗಿ. ಕಾರ್ಖಾನೆಗಳ ನಡುವಿನ ಕಬಡ್ಡಿ ಪಂದ್ಯಾವಳಿಯಲ್ಲಿ ಮೈಕು ಹಿಡಿದಿದ್ದವನ ಗಂಟಲು ಎರಡನೆಯ ಪಂದ್ಯಕ್ಕೇ ಕಟ್ಟಿತು. ಆಟದ ನಿಯಮ ಗೊತ್ತಿದ್ದವರಲ್ಲಿ ಹತ್ತಿರ ಕೂತಿದ್ದವರು ವೇಣಿ. ಮೈಕು ಅವರ ಕೈಗೆ ಬಂತು. ಜನರ ನಡುವಿನಿಂದ ಒಬ್ಬ ಕೂಗಿದ:

"ಲೇ, ಯಾರೋ ಅಕ್ಕ ಡೈರಿಲಿ ಹಾಲು ಲೆಕ್ಕ ಹೇಳ್ದಂಗೆ ಹೇಳ್ತಾವ್ರೆ ಕಣೋ!"

ವೇಣಿ ಮೈಕಿನಲ್ಲೇ ಉತ್ತರಿಸಿದರು: "ಹಾಲಲ್ಲ ತಮ್ಮಾ, ಪಾಯಿಂಟು. ನಿಮ್ಮ ಟೀಮಿಗೆ ಇನ್ನೂ ಒಂದು ಲೋಟಾನೂ ಬಂದಿಲ್ಲ."

ಮೈದಾನವೆಲ್ಲ ನಕ್ಕಿತು. ಆ ನಗು ಕೇಳಿಸಿಕೊಂಡವರಲ್ಲಿ ‘ಪಡುವಣ ವಾರ್ತೆ’ ಎಂಬ ಸ್ಥಳೀಯ ವಾರಪತ್ರಿಕೆಯ ಸಂಪಾದಕ ರಾಜೇಂದ್ರ ಒಬ್ಬರು. ಪಂದ್ಯ ಮುಗಿದ ಮೇಲೆ ಬಂದು, "ಮೇಡಂ, ಈಗ ಹೇಳಿದ್ದನ್ನೇ ಬರೆದು ಕೊಡಿ. ಹಾಲಿನ ವಿಷಯ ಬಿಟ್ಟು," ಎಂದರು.

ಹಾಗೆ ಶುರುವಾದ ವರದಿಗಳಲ್ಲಿ ಒಂದು ಗುಣವಿತ್ತು. ಪಂದ್ಯ ಮುಗಿದೊಡನೆ ವೇಣಿ ಸೋತ ತಂಡದ ಹತ್ತಿರ ಹೋಗುತ್ತಿದ್ದರು. ಗೆದ್ದವರು ಹೇಗೂ ಹುಡುಕಿಕೊಂಡು ಬಂದು ಹೇಳುತ್ತಾರೆ, ಆದರೆ ಆಟ ಎಲ್ಲಿ ತಿರುಗಿತು ಎಂಬುದು ಸೋತವನಿಗೇ ಚೆನ್ನಾಗಿ ಗೊತ್ತಿರುತ್ತದೆ ಎಂಬುದು ಅವರ ಲೆಕ್ಕ. ಕಾರ್ಖಾನೆಗಳ ಹಗ್ಗಜಗ್ಗಾಟ, ವಾಲಿಬಾಲ್, ಕೇರಂ ಎಲ್ಲವನ್ನೂ ಇದೇ ಕ್ರಮದಲ್ಲಿ ಬರೆದರು. ಕೆಳಗೆ ಹೆಸರಿರುತ್ತಿರಲಿಲ್ಲ. ‘ನಮ್ಮ ಕ್ರೀಡಾ ವರದಿಗಾರರಿಂದ’ ಎಂದಷ್ಟೇ ಇರುತ್ತಿತ್ತು.

2005ರಲ್ಲಿ ವೈಟ್‌ಫೀಲ್ಡಿನ ಒಂದು ಕಂಪನಿ ಮೊಬೈಲ್ ಫೋನುಗಳಿಗೆ ಕನ್ನಡದಲ್ಲಿ ಕ್ರಿಕೆಟ್ ಸ್ಕೋರು ಕಳಿಸುವ ಸೇವೆ ಶುರುಮಾಡಿತು. ಪಂದ್ಯವನ್ನು ನೋಡುತ್ತ, ಚೆಂಡಿಗೊಂದು ಸಾಲು ಬರೆಯುವವರು ಬೇಕಾಗಿತ್ತು. ವೇಣಿ ಕ್ರಿಕೆಟ್ ಆಡಿದವರಲ್ಲ. ಆದರೆ ನೋಡಿದ್ದನ್ನು ಇಪ್ಪತ್ತು ಸೆಕೆಂಡಿನಲ್ಲಿ ಒಂದು ಸಾಲು ಮಾಡುವ ಪರೀಕ್ಷೆಯಲ್ಲಿ ಉಳಿದವರಿಗಿಂತ ಮುಂದೆ ಬಂದರು. ಕಂಪನಿಯ ಕ್ಯಾಬು ಚೊಕ್ಕಸಂದ್ರದ ಗಲ್ಲಿಯ ತುದಿಗೆ ಬರತೊಡಗಿತು. ಮಾರತ್ತಹಳ್ಳಿಯ ಜಾಮಿನಲ್ಲಿ ಸಿಕ್ಕಿಕೊಂಡಾಗ ಅವರು ಪಕ್ಕದ ಬಸ್ಸಿನ ಜನರನ್ನು ನೋಡಿ ಒಂದೊಂದು ಸಾಲು ಮನಸ್ಸಿನಲ್ಲೇ ಬರೆದು ಅಭ್ಯಾಸ ಮಾಡುತ್ತಿದ್ದರಂತೆ.

ರಾಮಮ್ಮನಿಗೆ ಈ ಕೆಲಸ ಮಾತ್ರ ಒಮ್ಮೆಲೇ ಅರ್ಥವಾಯಿತು. "ಟೀವಿ ನೋಡಾಕೆ ಸಂಬ್ಳಾನಾ? ನಂಗೂ ಒಂದು ಕೊಡ್ಸೆ!"

ಆ ಸೇವೆ ನಾಲ್ಕು ವರ್ಷಕ್ಕೆ ಮುಚ್ಚಿತು. ವೇಣಿ ಬರೆದ ಸಾವಿರಾರು ಸಾಲುಗಳು ಯಾರ್‍ಯಾರದೋ ಫೋನಿಗೆ ಹೋಗಿ ಅಳಿಸಿಹೋಗಿದ್ದವು. ಅಲ್ಲಿಯೂ ಹೆಸರಿರಲಿಲ್ಲ. ಮೈಕಿನ ಮಾತು ಗಾಳಿಗೆ ಹೋಗಿತ್ತು, ವರದಿ ‘ನಮ್ಮ ವರದಿಗಾರ’ರ ಹೆಸರಿಗೆ ಹೋಗಿತ್ತು. ಹತ್ತು ವರ್ಷ ಬರೆದೂ ಬರೆದವರು ಯಾರೆಂದು ಓದುಗರಿಗೆ ಗೊತ್ತಿಲ್ಲದ ಸ್ಥಿತಿಯಲ್ಲಿ ಅವರು ರಾಜೇಂದ್ರರ ಬಳಿಗೆ ವಾಪಸು ಬಂದು ಒಂದು ಅಂಕಣ ಕೇಳಿದರು.

ಅಂಕಣದ ಹೆಸರು ‘ಭಾನುವಾರದ ಬೆಟ್ಟ’. ವಾರಕ್ಕೆ ಒಂದೇ ರಜೆ ಇರುವವರು, ಕಾರಿಲ್ಲದವರು, ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಒಂದು ಬೆಟ್ಟ ಹತ್ತಿ ಸಂಜೆಗೆ ಮನೆ ಸೇರಬಹುದಾದ ಜಾಗಗಳನ್ನು ತಿಂಗಳಿಗೆ ಎರಡರಂತೆ ಹೇಳುವುದು. ಪ್ರತಿ ಬರಹದ ಕೊನೆಯಲ್ಲಿ ಮೂರು ವಿಷಯ: ಯಾವ ಬಸ್ಸು, ಎಲ್ಲಿ ನೀರು, ಹತ್ತಿ ಇಳಿಯಲು ಎಷ್ಟು ಹೊತ್ತು. ಬಸ್ಸಿನ ವಿವರ ಕೊಡುತ್ತಿದ್ದವರು ವೇಣಿಯ ಗಂಡ ಸಿದ್ದರಾಜು. ಅವರು ಬಸ್ ಚಾಲಕ. ಎಲ್ಲಕ್ಕಿಂತ ಕೆಳಗೆ, ದಪ್ಪ ಅಕ್ಷರದಲ್ಲಿ, ‘ವೇಣಿ, ಚೊಕ್ಕಸಂದ್ರ’ ಎಂದು ಅಚ್ಚಾಗುತ್ತಿತ್ತು.

ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಆ ಪುಟವನ್ನು ಕತ್ತರಿಸಿ ಊಟದ ಡಬ್ಬಿಯ ಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದರು. ಲೇತ್ ಆಪರೇಟರುಗಳು ಗುಂಪು ಕಟ್ಟಿಕೊಂಡು ಹೋಗಿ ಬಂದು ಪತ್ರಿಕೆಗೆ ಫೋನು ಮಾಡುತ್ತಿದ್ದರು. ಇವರೆಲ್ಲ ಇಪ್ಪತ್ತು, ಇಪ್ಪತ್ತೈದರ ವಯಸ್ಸಿನವರು. ಹೊತ್ತು ಸ್ವಲ್ಪ ಹೆಚ್ಚಾದರೆ ಅದು ತಮ್ಮದೇ ಸೋಮಾರಿತನ ಎಂದುಕೊಂಡರೇ ಹೊರತು ಬರಹವನ್ನು ಯಾರೂ ಅನುಮಾನಿಸಲಿಲ್ಲ.

ವೇಣಿ ತಮ್ಮ ಅಳತೆಯನ್ನು ಸುಮ್ಮನೆ ಬರೆದವರೂ ಅಲ್ಲ. ತಾವು ಹತ್ತಿ ಇಳಿದ ಹೊತ್ತಿಗೆ ಕಾಲು ಭಾಗ ಸೇರಿಸುತ್ತಿದ್ದರು. ಅದು ಸರಿಯೇ ಎಂದು ನೋಡಲು ಹಳೆಯ ಗೆಳತಿ ಶಾಂತಿಯನ್ನೂ ಒಂದು ಸಲ ಅದೇ ಬೆಟ್ಟಕ್ಕೆ ಕಳಿಸುತ್ತಿದ್ದರು. ಇಬ್ಬರ ಲೆಕ್ಕವೂ ಪ್ರತಿ ಸಲ ಹತ್ತಿರ ಹತ್ತಿರ ಬರುತ್ತಿತ್ತು. ಇದರಿಂದ ಅವರಿಗೆ ಧೈರ್ಯ ಬಂದಿತ್ತು. ಆದರೆ ಶಾಂತಿಯೂ ದಾಸಪ್ಪನವರ ಕೈಯಲ್ಲೇ ತಯಾರಾದ ಓಟಗಾರ್ತಿ. ಒಂದೇ ಅಚ್ಚಿನಲ್ಲಿ ಮಾಡಿದ ಎರಡು ಗೇಜುಗಳು ಒಂದಕ್ಕೊಂದು ಹೊಂದಿದರೆ ಅವು ಒಂದೇ ಥರ ಇವೆ ಎಂದಷ್ಟೇ ಗೊತ್ತಾಗುತ್ತದೆ, ಸರಿಯಾಗಿವೆ ಎಂದಲ್ಲ. ತಪಾಸಣೆ ವಿಭಾಗದಲ್ಲಿ ದಿನವೂ ಪಾಲಿಸುತ್ತಿದ್ದ ಈ ಪಾಠ ಬೆಟ್ಟದ ಮೇಲೆ ಅವರಿಗೆ ಹೊಳೆಯಲಿಲ್ಲ.

2011ರ ಅಕ್ಟೋಬರಿನಲ್ಲಿ ಜೋಡಿಬಂಡೆಯ ಬರಹ ಬಂತು. ‘ಹತ್ತಿ ಇಳಿಯಲು ಎರಡೂವರೆ ಗಂಟೆ’ ಎಂದಿತ್ತು. ನಾಗಸಂದ್ರದ ಒಂದು ಅಪಾರ್ಟ್‌ಮೆಂಟಿನ ಅಕ್ಕನ ಬಳಗದ ಹನ್ನೊಂದು ಮಂದಿ ಅದನ್ನು ಓದಿದರು. ಎಲ್ಲರೂ ಐವತ್ತು ದಾಟಿದವರು. ಎರಡೂವರೆ ಗಂಟೆಯ ಕೆಲಸ ತಾನೆ ಎಂದು ಪೂಜೆ, ಪ್ರಸಾದ ಎಲ್ಲ ಮುಗಿಸಿ ನಿಧಾನವಾಗಿ ಹೊರಟು, ಮಧ್ಯಾಹ್ನ ಹನ್ನೆರಡಕ್ಕೆ ಹತ್ತಲು ಶುರುಮಾಡಿದರು. ಇಳಿಯುವಾಗ ಅರ್ಧ ದಾರಿಯಲ್ಲೇ ಕತ್ತಲಾಯಿತು. ಒಬ್ಬರು ಜಾರಿ ಬಿದ್ದು ಕೈಮೂಳೆ ಮುರಿಯಿತು. ಕೂಗು ಕೇಳಿ ಊರಿನವರು ಟಾರ್ಚು ಹಿಡಿದು ಬಂದು, ಒಬ್ಬೊಬ್ಬರನ್ನೇ ಇಳಿಸಿ, ಟ್ರ್ಯಾಕ್ಟರಿನಲ್ಲಿ ಕೂರಿಸಿ ದೊಡ್ಡ ರಸ್ತೆಗೆ ಬಿಟ್ಟರು.

ಮಂಗಳವಾರ ಆ ಗುಂಪಿನ ಬಸಮ್ಮನವರ ಗಂಡ ಕರಿಬಸಪ್ಪ ಪತ್ರಿಕೆಯ ಕಚೇರಿಗೆ ಬಂದರು. ರಾಣೆಬೆನ್ನೂರು ಕಡೆಯವರು, ವಿದ್ಯುತ್ ಇಲಾಖೆಯಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದವರು. ಕತ್ತರಿಸಿದ ಪುಟವನ್ನು ಮೇಜಿನ ಮೇಲಿಟ್ಟು ಸಮಯದ ಸಾಲಿನ ಮೇಲೆ ಬೆರಳಿಟ್ಟರು.

"ಇದನ್ನ ಬರದಾವ ಎಲ್ಲಿದ್ದಾನ್ರೀ? ಅವನ್ನ ಕರೀರಿ."

ಬರಹ ಕೊಡಲು ಬಂದಿದ್ದ ವೇಣಿ ಬಾಗಿಲ ಬಳಿಯೇ ಇದ್ದರು. "ಅವನಲ್ಲ ಸಾರ್. ನಾನೇ."

ಕರಿಬಸಪ್ಪ ಪುಟದ ಮೇಲಿಂದ ಬೆರಳು ತೆಗೆದರು. ಆಮೇಲೆ ದನಿ ತಗ್ಗಿಸಿಯೇ ಹೇಳಿದರು: "ಹನ್ನೊಂದು ಮಂದಿ ತಾಯಂದಿರು ಇದೊಂದು ಸಾಲು ನಂಬಿ ಹೋಗ್ಯಾರಮ್ಮ."

ಅವರು ಹೋದ ಮೇಲೆ ರಾಜೇಂದ್ರ ಒಂದು ದಾರಿ ಹೇಳಿದರು. "ಮುಂದಿನ ವಾರದಿಂದ ಕೆಳಗೆ ಒಂದು ಸಾಲು ಹಾಕೋಣ ಮೇಡಂ. ‘ಸಮಯ ಅವರವರ ಶಕ್ತಿಗೆ ಬಿಟ್ಟದ್ದು’ ಅಂತ. ಆಮೇಲೆ ಯಾರೂ ಕೇಳಂಗಿಲ್ಲ."

"ಅವರವರ ಶಕ್ತಿಗೆ ಬಿಡೋದಾದ್ರೆ ನಾನ್ಯಾಕೆ ಬೇಕು ಸಾರ್? ಬೆಟ್ಟ ಅಲ್ಲೇ ಇದೆ, ಹೋಗ್ತಾರೆ."

"ಮತ್ತೆ ಏನ್ಮಾಡ್ತೀರಿ?"

"ಎಲ್ಲಿ ತಪ್ಪಿತು ಅಂತ ನೋಡ್ತೀನಿ. ಅಲ್ಲಿವರೆಗೂ ಅಂಕಣ ಬೇಡ."

"ಪುಟ ಖಾಲಿ ಬಿಡಕ್ಕಾಗಲ್ಲ. ಸೈಟು ಮಾರೋರ ಜಾಹೀರಾತು ಕಾಯ್ತಾ ಇದೆ. ಸಂಕ್ರಾಂತಿ ತನಕ ಟೈಮ್ ಕೊಡ್ತೀನಿ. ಆಮೇಲೆ ಪುಟ ಅವರಿಗೆ."

ಆ ವಾರದ ಪುಟದಲ್ಲಿ ವೇಣಿ ತಮ್ಮ ಹೆಸರಿನಲ್ಲೇ ನಾಲ್ಕು ಸಾಲು ಬರೆದರು: ಜೋಡಿಬಂಡೆಗೆ ಕೊಟ್ಟ ಸಮಯ ತಪ್ಪು, ತಪ್ಪು ತಮ್ಮದು, ಹಿಂದಿನ ಬೆಟ್ಟಗಳಿಗೆ ಕೊಟ್ಟ ಸಮಯವನ್ನೂ ಯಾರೂ ನಂಬಬಾರದು, ಮತ್ತೆ ಅಳೆದು ಹೇಳುವ ತನಕ ಕಾಯಬೇಕು. ಮೊದಲ ಸಲ ಹೆಸರು ಅಚ್ಚಾದ ಜಾಗದಲ್ಲಿ, ಅದೇ ದಪ್ಪ ಅಕ್ಷರದಲ್ಲಿ, ಇದೂ ಅಚ್ಚಾಯಿತು. ರಾಜೇಂದ್ರ ‘ಹಿಂದಿನ ಬೆಟ್ಟಗಳು’ ಎಂಬ ಮಾತನ್ನು ತೆಗೆಯಲು ನೋಡಿದರು. ವೇಣಿ ಬಿಡಲಿಲ್ಲ.

ಆಮೇಲೆ ಅವರು ನಾಗಸಂದ್ರದ ಅಪಾರ್ಟ್‌ಮೆಂಟಿಗೆ ಹೋದರು. ಮೊದಲು ಕೈ ಮುರಿದವರ ಮನೆಗೆ ಹೋಗಿ ಕ್ಷಮೆ ಕೇಳಿ, ನಂತರ ಬಸಮ್ಮನವರ ಬಾಗಿಲು ತಟ್ಟಿದರು. ಬಸಮ್ಮ ಅವರನ್ನು ಕೂರಿಸಿ, ಅಡಿಯಿಂದ ಮುಡಿತನಕ ನೋಡಿ, ಮಾತಿಗೆ ಶುರುಮಾಡಿದರು.

"ಎರಡೂವರಿ ತಾಸು ಅಂತ ಬರ್ದೀಯಲ್ಲವ್ವಾ, ಯಾರ ಕಾಲಿಂದ ಅಳತಿ ಮಾಡ್ದಿ?"

"ನನ್ನ ಕಾಲಿಂದನೇ ಅಮ್ಮಾ."

"ಹಂಗಾರ ಪೇಪರಿನ ಜೋಡಿ ನಿನ್ನ ಕಾಲೂ ಕಳಿಸಬೇಕಿತ್ತು ನೋಡು."

ವೇಣಿ ನಗಲಿಲ್ಲ. ನೇರವಾಗಿ ಕೇಳಿದರು. "ಅಮ್ಮಾ, ನೀವು ನನ್ನ ಜೊತೆ ಇನ್ನೊಂದ್ಸಲ ಜೋಡಿಬಂಡೆ ಹತ್ತಬೇಕು. ನಿಮ್ಮ ನಡಿಗೇಲಿ ಅಳೀಬೇಕು."

ಒಳಗಿನಿಂದ ಕರಿಬಸಪ್ಪನವರ ದನಿ ಬಂತು. "ಮತ್ತ ಆ ಬೆಟ್ಟಕ್ಕನಾ? ಒಬ್ಬಾಕಿ ಕೈ ಮುರಕೊಂಡಿದ್ದು ಸಾಲ್ದೇನು?"

"ನೀವು ಸುಮ್ಕಿರ್ರೀ," ಎಂದರು ಬಸಮ್ಮ. "ಮ್ಯಾಲೆ ಗಾಳಿ ಎಷ್ಟು ಚಲೋ ಇತ್ತು ಅಂತೀರಿ! ನಾವು ಗಡಿಯಾರ ನೋಡಿ ನೋಡಿ ಅದನ್ನ ಅನುಭವಿಸಲೇ ಇಲ್ಲ." ವೇಣಿಯ ಕಡೆ ತಿರುಗಿದರು. "ಬರ್ತೀನಿ. ಆದ್ರ ನೀ ನನ್ನ ಹಿಂದ ಇರಬೇಕು. ಮುಂದ ಹೋಗಿ, ಅಲ್ಲಿ ನಿಂತು, ‘ಬರ್ರಿ ಬರ್ರಿ, ಇಲ್ಲೇ ಬಂತು’ ಅನಬಾರದು. ಹಂಗಂದ್ರ ನಾ ಅಲ್ಲೇ ಕುಂದರ್ತೀನಿ."

ಈ ಕರಾರಿನಂತೆಯೇ ಆ ಡಿಸೆಂಬರಿನ ಬೆಳಿಗ್ಗೆ ಹತ್ತುವುದು ಶುರುವಾಯಿತು. ಕರಿಬಸಪ್ಪ ಕಾರಿನಲ್ಲಿ ಇಬ್ಬರನ್ನೂ ಕರೆತಂದು, ತಾವು ಬುಡದಲ್ಲೇ ಕಾರಿನ ಬಾಗಿಲು ತೆರೆದಿಟ್ಟುಕೊಂಡು ಪೇಪರು ಹಿಡಿದು ಕೂತರು.

ಹಿಂದೆ ನಡೆಯುವುದು ಮುಂದೆ ಓಡುವುದಕ್ಕಿಂತ ಕಷ್ಟ ಎಂದು ವೇಣಿಗೆ ಮೊದಲ ಏರಿನಲ್ಲೇ ತಿಳಿಯಿತು. ಕಾಲು ತಾನಾಗಿಯೇ ಮುಂದೆ ಬೀಳುತ್ತಿತ್ತು, ಅದನ್ನು ಹಿಡಿದು ವಾಪಸು ಇಡಬೇಕಾಗುತ್ತಿತ್ತು. ಮೊದಲರ್ಧ ಗಂಟೆಯಲ್ಲಿ ಎರಡು ಸಲ ಬಸಮ್ಮನವರ ಹಿಮ್ಮಡಿ ತುಳಿದರು. "ಹಿಂದಿನಿಂದ ಎಮ್ಮಿ ಬಂದಂಗ ಬರಬ್ಯಾಡವ್ವ, ಅಂತರ ಇಡು," ಎಂದು ಬೈಸಿಕೊಂಡರು. ಆಮೇಲೆ ಉಸಿರಿಗೆ ಉಸಿರು ಹೊಂದಿಸಿ ನಡೆಯುವುದನ್ನು ಕಲಿತರು.

ಹಾಗೆ ನಡೆದಾಗ ಬೆಟ್ಟ ಬೇರೆಯೇ ಕಂಡಿತು. ಅರ್ಧದಾರಿಗೆ ಮುಂಚೆ ಬಲಕ್ಕೆ ಒಂದು ಕವಲುದಾರಿ ಒಡೆಯುತ್ತದೆ. ಅದು ಮೇಲೆ ಹೋಗುವುದಿಲ್ಲ, ಒಂದು ಹಳ್ಳದಲ್ಲಿ ಮುಗಿಯುತ್ತದೆ. ಮೂರು ಸಲ ಈ ಬೆಟ್ಟ ಹತ್ತಿದ್ದರೂ ವೇಣಿ ಅದನ್ನು ನೋಡಿರಲಿಲ್ಲ. ಅವರ ವೇಗಕ್ಕೆ ಎದುರಿಗಿನ ದಾರಿಯೊಂದೇ ಕಾಣುತ್ತಿತ್ತು. ಅಕ್ಕನ ಬಳಗದವರು ದಾರಿ ತಪ್ಪಿ ಅರ್ಧ ಗಂಟೆ ಕಳೆದುಕೊಂಡದ್ದು ಅಲ್ಲೇ ಎಂದು ಬಸಮ್ಮ ತೋರಿಸಿದರು. ಮೇಕೆ ಮೇಯಿಸುತ್ತಿದ್ದ ಚನ್ನಕ್ಕ ಎಂಬ ಹೆಂಗಸು ಬಸಮ್ಮನವರನ್ನು ಗುರುತು ಹಿಡಿದರು.

"ಅಯ್ಯೋ, ಅವತ್ತು ಕತ್ಲಲ್ಲಿ ಅಳ್ತಿದ್ದೋರಲ್ವೇನವ್ವ ನೀವು? ತಿರುಗಾ ಬಂದ್ರಾ?"

"ನಾ ಎಲ್ಲಿ ಅತ್ತೆ? ಅತ್ತಾಕಿ ಬ್ಯಾರೆ. ನಾ ವಚನ ಹಾಡಾಕತ್ತಿದ್ದೆ."

"ಅದು ಪದ ಆಡಿದ್ದಾ? ನಮಗೆ ಅತ್ತಂಗೇ ಕೇಳಿಸ್ತು."

ಇಬ್ಬರೂ ಕೂತು ಬಹಳ ಹೊತ್ತು ನಕ್ಕರು, ಮಕ್ಕಳ ವಿಷಯ ಮಾತಾಡಿದರು. ಬೇಸಿಗೆಯಲ್ಲಿ ಬಂಡೆಯ ದೊಣೆ ಒಣಗುತ್ತದೆಂದೂ, ಆಗ ನೀರಿಗೆ ಇನ್ನೊಂದು ಪಕ್ಕಕ್ಕೆ ಇಳಿಯಬೇಕೆಂದೂ ಚನ್ನಕ್ಕ ಹೇಳಿದರು. ‘ವರ್ಷವಿಡೀ ನೀರು’ ಎಂದು ವೇಣಿ ಬರೆದಿದ್ದರು. ಅದೂ ತಿದ್ದಬೇಕಾದ ಪಟ್ಟಿಗೆ ಸೇರಿತು.

ಚನ್ನಕ್ಕ ಮೇಕೆಗಳನ್ನು ಹೊಡೆದುಕೊಂಡು ಹೋದ ಮೇಲೆ ಬಸಮ್ಮ ಎದ್ದರು. ಆಗ ವೇಣಿಯ ಕೈಯಿಂದ ‘ಟಿಕ್’ ಎಂಬ ಸದ್ದು ಬಂತು. ಬಸಮ್ಮ ತಿರುಗಿ ನೋಡಿದರು. ಬೆಳಿಗ್ಗೆಯಿಂದ ಆ ಸದ್ದನ್ನು ಅವರು ಗಮನಿಸುತ್ತಲೇ ಇದ್ದರು.

"ಏನದು? ನಾ ಕುಂತರ ಟಿಕ್, ಎದ್ದರ ಟಿಕ್?"

"ಸ್ಟಾಪ್‌ವಾಚ್ ಅಮ್ಮಾ. ನೀವು ಕೂತಾಗ ನಿಲ್ಲಿಸ್ತೀನಿ, ಎದ್ದಾಗ ಬಿಡ್ತೀನಿ."

"ಯಾಕ?"

ವೇಣಿ ವಿವರಿಸಿದರು. ಪೀಣ್ಯದ ರಸ್ತೆಯಲ್ಲಿ ಓಡುವಾಗ ಲಾರಿ ಅಡ್ಡ ಬಂದರೆ ನಿಲ್ಲಲೇಬೇಕಾಗುತ್ತಿತ್ತು. ಲಾರಿಗಾಗಿ ನಿಂತ ಹೊತ್ತು ಓಟದ ಹೊತ್ತಲ್ಲ ಎಂದು ದಾಸಪ್ಪ ಮೇಷ್ಟ್ರು ಕಲಿಸಿದ್ದರು. ನಿಂತ ಕೂಡಲೇ ವಾಚು ನಿಲ್ಲಿಸಬೇಕು, ಕಾಲು ಎತ್ತಿದ ಕೂಡಲೇ ಬಿಡಬೇಕು. ಹದಿನಾಲ್ಕನೆಯ ವಯಸ್ಸಿನಿಂದ ಬೆರಳಿಗೆ ಆ ಅಭ್ಯಾಸ ಕೂತಿತ್ತು. ಶಾಂತಿಯ ಬೆರಳಿಗೂ ಅದೇ. ಬೆಟ್ಟಗಳನ್ನೂ ಇಬ್ಬರೂ ಹಾಗೆಯೇ ಅಳೆದಿದ್ದರು: ನೀರು ಕುಡಿದದ್ದು, ತಿಂಡಿ ತಿಂದದ್ದು, ಮೇಲೆ ಕೂತು ಗಾಳಿ ತೆಗೆದುಕೊಂಡದ್ದು ಯಾವುದೂ ಲೆಕ್ಕದಲ್ಲಿ ಇರಲಿಲ್ಲ.

ಬಸಮ್ಮ ಎಲ್ಲವನ್ನೂ ಕೇಳಿಸಿಕೊಂಡರು. ಮುಖದಲ್ಲಿ ಸಿಟ್ಟಿರಲಿಲ್ಲ, ನಿಜವಾದ ಆಶ್ಚರ್ಯವಿತ್ತು.

"ಅಲ್ಲವ್ವಾ, ನಾ ಕುಂತೆ ಅಂತ ಹೊತ್ತು ಮುಳುಗೋದು ನಿಂದರ್ತೈತೇನು?"

ವೇಣಿ ಆ ಬಂಡೆಯ ಮೇಲೆ ಕೂತುಬಿಟ್ಟರು. ಕಾಲಿನ ವೇಗದ ವ್ಯತ್ಯಾಸವನ್ನು ಅವರು ಮೊದಲೇ ಊಹಿಸಿದ್ದರು. ಅದಕ್ಕಾಗಿಯೇ ಬಸಮ್ಮನನ್ನು ಕರೆತಂದಿದ್ದರು. ಆದರೆ ಈ ಇನ್ನೊಂದು ತಪ್ಪು, ಬಸಮ್ಮ ಕೇಳದೆ ಹೋಗಿದ್ದರೆ, ಹೊಸ ಅಳತೆಯೊಳಗೂ ಸದ್ದಿಲ್ಲದೆ ಸೇರಿಕೊಳ್ಳುತ್ತಿತ್ತು. ಅವರು ತಮ್ಮ ಮೇಲೆ ಸಿಟ್ಟಾಗಲಿಲ್ಲ. ಅದು ಅವರ ಸ್ವಭಾವವಲ್ಲ. ಆ ಬೆಳಿಗ್ಗೆ ಎಲ್ಲೆಲ್ಲಿ ಕೂತಿದ್ದರು, ಎಷ್ಟೆಷ್ಟು ಹೊತ್ತು, ಎಂದು ಬಸಮ್ಮನನ್ನೇ ಕೇಳಿದರು. ಬಸಮ್ಮ ತಮ್ಮ ಮಂಡಿನೋವಿನ ಆಧಾರದ ಮೇಲೆ ಒಂದು ಲೆಕ್ಕ ಹೇಳಿದರು, ವೇಣಿ ಬೆರಳೆಣಿಸಿ ಒಂದು ಹೇಳಿದರು. ಎರಡೂ ಹೊಂದಲಿಲ್ಲ.

ಕೊನೆಗೆ ಬಸಮ್ಮನೇ ಕೆಳಗೆ ಕಾರಿನಲ್ಲಿದ್ದ ಗಂಡನಿಗೆ ಫೋನು ಮಾಡಿದರು. "ರೀ, ನಾವು ಎಷ್ಟಕ್ಕ ಹತ್ತಾಕ ಶುರು ಮಾಡಿದ್ವಿ?"

ಎಂಜಿನಿಯರು ಅದನ್ನು ಪೇಪರಿನ ಅಂಚಿನಲ್ಲಿ ಗುರುತು ಹಾಕಿಕೊಂಡಿದ್ದರು. ಆ ಒಂದು ಹೊತ್ತು ಸಾಕಾಯಿತು. ವೇಣಿ ಸ್ಟಾಪ್‌ವಾಚನ್ನು ಜೇಬಿಗೆ ಹಾಕಿ, ಇಳಿದು ಕಾರು ಮುಟ್ಟುವ ತನಕ ಅದನ್ನು ಹೊರಗೆ ತೆಗೆಯಲಿಲ್ಲ. ತುದಿಯಲ್ಲಿ ಬಸಮ್ಮ ಬಟ್ಟೆ ಹಾಸಿ ರೊಟ್ಟಿ, ಶೇಂಗಾ ಚಟ್ನಿಪುಡಿ ಬಿಚ್ಚಿದರು. ಇಬ್ಬರೂ ಅವಸರವಿಲ್ಲದೆ ಉಂಡರು. ಅಷ್ಟು ಎತ್ತರದಲ್ಲಿ ವಾಚಿನ ಚಿಂತೆಯಿಲ್ಲದೆ ಕೂತು ಉಂಡದ್ದು ಅದೇ ಮೊದಲು ಎಂದು ವೇಣಿ ಆಮೇಲೆ ಹೇಳುತ್ತಿದ್ದರು.

ಹೊಸ ಸಮಯ ಕೇಳಿ ರಾಜೇಂದ್ರ ತಲೆ ಹಿಡಿದುಕೊಂಡರು. ಅಷ್ಟು ಹೊತ್ತು ಹಾಕಿದರೆ ಯಾರೂ ಬೆಟ್ಟಕ್ಕೆ ಹೋಗುವುದಿಲ್ಲ, ಬೆಟ್ಟಕ್ಕೆ ಹೋಗದವರು ಪುಟ ಓದುವುದಿಲ್ಲ ಎಂಬುದು ಅವರ ವಾದ. ಸಂಕ್ರಾಂತಿಯ ಹಿಂದಿನ ಭಾನುವಾರ ಜಾಲಹಳ್ಳಿ ಕ್ರಾಸಿನ ಒಂದು ಸಣ್ಣ ಸಭಾಂಗಣದಲ್ಲಿ ಓದುಗರ ಸಭೆ ಕರೆದಿದ್ದರು. ಹೊರಗೆ ಮೆಟ್ಟಿಲ ಬಳಿ ವೇಣಿಯನ್ನು ತಡೆದು ಹೇಳಿದರು: "ನಾಲ್ಕು ಗಂಟೆ ಅನ್ನಿ ಮೇಡಂ, ಸಾಕು. ಅದೂ ಸುಳ್ಳೇನಲ್ಲ, ಹುಡುಗರಿಗೆ ಅಷ್ಟೇ ಆಗುತ್ತೆ. ಅದಕ್ಕಿಂತ ಜಾಸ್ತಿ ಹೇಳಿ ಜನ ನಕ್ಕರೆ ನಾನು ಪುಟ ಉಳಿಸಿಕೊಳ್ಳಕ್ಕಾಗಲ್ಲ. ಸೈಟಿನವರು ಒಳಗೇ ಕೂತಿದ್ದಾರೆ."

ಅಂಕಣ ಮುಂದೆ 2016ರವರೆಗೂ ನಡೆಯಿತು. ಹಳೆಯ ಬೆಟ್ಟಗಳನ್ನೆಲ್ಲ ವೇಣಿ ಬಸಮ್ಮನ ಬಳಗದವರ ಹಿಂದೆ ಮತ್ತೆ ನಡೆದು ತಿದ್ದಿದರು. ಜೊತೆಗೆ ನಡೆದವರ ಹೆಸರು ತಮ್ಮ ಹೆಸರಿನ ಪಕ್ಕದಲ್ಲೇ, ಅದೇ ಅಕ್ಷರದಲ್ಲಿ ಹಾಕಿಸಿದರು. ಮೊಮ್ಮಕ್ಕಳನ್ನೂ ಮುದುಕರನ್ನೂ ಕರೆದುಕೊಂಡು ಹೋಗುವವರು ಆ ಪುಟಕ್ಕೆ ಹೊಸ ಓದುಗರಾದರು. ಲೆಕ್ಕ ತಪ್ಪಿದ್ದು ತನ್ನದೇ ಎಂದು ರಾಜೇಂದ್ರ ಈಗ ನಗುತ್ತ ಒಪ್ಪುತ್ತಾರೆ. ಆದರೆ ಆ ಭಾನುವಾರ ಇದು ಯಾರಿಗೂ ಗೊತ್ತಿರಲಿಲ್ಲ. ಮೆಟ್ಟಿಲು ಹತ್ತುವಾಗ ವೇಣಿಗೆ ಗೊತ್ತಿದ್ದದ್ದು ಇಷ್ಟೇ: ತಮ್ಮ ಹೆಸರಿರುವ ಒಂದೇ ಒಂದು ಕೆಲಸ ಅಂದು ಸಂಜೆ ಉಳಿಯಬಹುದು ಅಥವಾ ಹೋಗಬಹುದು.

ಸಭಾಂಗಣದಲ್ಲಿ ಅರವತ್ತು ಜನರಿದ್ದರು. ಅಕ್ಕನ ಬಳಗ ಒಂದು ಸಾಲಿನಲ್ಲಿ, ಅವರ ಹಿಂದೆ ಕಾರ್ಖಾನೆಯ ಹುಡುಗರು, ಮುಂದೆ ಕುರ್ಚಿಯಲ್ಲಿ ವಯಸ್ಸಾದ ದಾಸಪ್ಪ ಮೇಷ್ಟ್ರು. ವೇಣಿ ಮೈಕಿನ ಮುಂದೆ ನಿಂತು ತಪ್ಪು ಹೇಗಾಯಿತೆಂದು ಹೇಳಿದರು. ಲಾರಿಯ ಕಥೆ ಬಂದಾಗ ದಾಸಪ್ಪ ತಲೆಯಾಡಿಸಿದರು. ಮಾತು ಮುಗಿಯುವ ಮುಂಚೆಯೇ ಪ್ಲೇಟಿಂಗ್ ಘಟಕದ ಗಂಗಪ್ಪ ಎಂಬುವರು ಎದ್ದುನಿಂತರು.

"ಅದೆಲ್ಲಾ ಸರಿ ಮೇಡಂ. ನಮ್ಮಮ್ಮನ್ನ ಕರ್ಕೊಂಡು ಓಗ್ಬೇಕು ಅಂತಿದೀನಿ. ಒಂದೇ ಮಾತಲ್ಲಿ ಹೇಳ್ಬಿಡಿ, ಹತ್ತಿ ಇಳಿಯಕ್ಕೆ ಎಷ್ಟೊತ್ತು?"

ಹಿಂದಿನಿಂದ ಒಬ್ಬ ಹುಡುಗ, "ಜಾಸ್ತಿ ಹೇಳ್ಬೇಡಿ ಅಕ್ಕಾ, ಆಮೇಲೆ ಅದು ಬೆಟ್ಟನಾ ಆಸ್ಪತ್ರೆ ಕ್ಯೂನಾ ಅಂತಾರೆ!" ಎಂದ. ಜನ ನಕ್ಕರು. ರಾಜೇಂದ್ರ ಗೋಡೆಯ ಬಳಿಯಿಂದ ನಾಲ್ಕು ಬೆರಳು ತೋರಿಸಿದರು. ನಗು ಅಡಗಿದ ಮೇಲೆ ದಾಸಪ್ಪ, ಶಿಷ್ಯೆಯ ಮರ್ಯಾದೆ ಉಳಿಸುವ ದನಿಯಲ್ಲಿ, ಮೆಲ್ಲಗೆ ಹೇಳಿದರು: "ನಡೆದ ಹೊತ್ತು ಮಾತ್ರ ಹೇಳಮ್ಮ ವೇಣಿ. ಕೂತಿದ್ದು ಯಾಕೆ?"

"ಇಲ್ಲ ಸಾರ್, ಕೂತಿದ್ದೂ ಸೇರಿ," ಎಂದರು ವೇಣಿ. 

"ಆರು ಗಂಟೆ ಐವತ್ತು ನಿಮಿಷ."